ಸಿಎನ್‌ಸಿ ಮಿಲ್ಲಿಂಗ್‌ನಲ್ಲಿ ಕಟರಿನ ಬಾಗು: ಸರಿದೂಗಿಸುವ ವಿಧಾನಗಳ ಒಂದು ವಿಮರ್ಶೆ

ಗಣಕ ನಿಯಂತ್ರಿತ ಮಿಲ್ಲಿಂಗ್ ಯಂತ್ರದ ಯಾವುದೇ ಪರಿಚಯ ಪತ್ರವನ್ನು ತೆರೆದು ನೋಡಿ. ಸ್ಥಾನ ನಿಖರತೆ ಇಷ್ಟು ಮೈಕ್ರಾನ್, ಪುನರಾವರ್ತನೆ ಇಷ್ಟು ಮೈಕ್ರಾನ್ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ. ಅಂಕಿ ಸಾಮಾನ್ಯವಾಗಿ ಹತ್ತರೊಳಗೇ ಇರುತ್ತದೆ. ಅದೇ ಯಂತ್ರದಲ್ಲಿ 10 ಮಿ.ಮೀ. ವ್ಯಾಸದ ಎಂಡ್‌ಮಿಲ್ ಹಾಕಿ ಉಕ್ಕಿನ ತುಂಡೊಂದರ ಪಕ್ಕದ ಗೋಡೆಯನ್ನು ಕತ್ತರಿಸಿ ಅಳೆದರೆ ನಲವತ್ತು ಐವತ್ತು ಮೈಕ್ರಾನ್‌ಗಳ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ಆಗ ಬೈಗುಳ ತಿನ್ನುವವನು ಯಂತ್ರ ನಡೆಸುವ ಹುಡುಗ, ಇಲ್ಲವೇ ಯಂತ್ರವನ್ನು ಮಾರಿದ ಕಂಪನಿ. ನಿಜವಾದ ಅಪರಾಧಿ ಚಕ್‌ನಿಂದ ಹೊರಕ್ಕೆ ಚಾಚಿ ನಿಂತಿರುವ ಆ ಬೆರಳುದ್ದದ ಕಟರ್.

ಪರಿಚಯ ಪತ್ರದ ಅಂಕಿಗಳು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವು ಬೇರೊಂದು ಪ್ರಶ್ನೆಗೆ ಉತ್ತರ. ಯಂತ್ರೋಪಕರಣಗಳ ಪರೀಕ್ಷೆಗೆ ಜಗತ್ತೆಲ್ಲ ಬಳಸುವ ಐಎಸ್‌ಒ 230 ಮಾನಕದ ಮೊದಲನೆಯ ಭಾಗದ ಶೀರ್ಷಿಕೆಯೇ ಹೊರೆಯಿಲ್ಲದ ಅಥವಾ ಬಹುತೇಕ ಸ್ಥಿರ ಸ್ಥಿತಿಯಲ್ಲಿನ ಜ್ಯಾಮಿತೀಯ ನಿಖರತೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಲೇಸರ್ ವ್ಯತಿಕರಣಮಾಪಕವನ್ನಿಟ್ಟು ಮೇಜನ್ನು ಅತ್ತಿತ್ತ ಓಡಿಸಿ ಅಳೆಯುವಾಗ ಕಟರ್ ಏನನ್ನೂ ಕತ್ತರಿಸುತ್ತಿರುವುದಿಲ್ಲ. ಆ ಷರತ್ತನ್ನು ಮಾನಕ ಬರೆದಿದೆ. ಪರಿಚಯ ಪತ್ರ ಬಿಟ್ಟುಬಿಡುತ್ತದೆ. ನಮ್ಮ ತರಬೇತಿ ಪಠ್ಯಗಳೂ ಬಿಟ್ಟುಬಿಡುತ್ತವೆ ಎಂಬುದೇ ನನ್ನ ಮೊದಲ ತಕರಾರು.

ಇನ್ನೊಂದು ಪದವೂ ದಾರಿ ತಪ್ಪಿಸುತ್ತದೆ: ಸಂವೃತ ಮಂಡಲ ನಿಯಂತ್ರಣ, ರೂಢಿಯ ಮಾತಿನಲ್ಲಿ ಕ್ಲೋಸ್ಡ್ ಲೂಪ್. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆದಂದಿನಿಂದ ಇಂದಿನವರೆಗೂ ನಿಯಂತ್ರಕಕ್ಕೆ ಗೊತ್ತಿರುವುದು ಮೇಜಿನ ಮತ್ತು ಸ್ಪಿಂಡಲ್ ತಲೆಯ ಸ್ಥಾನ ಮಾತ್ರ. ಎನ್‌ಕೋಡರ್ ಕೂತಿರುವುದು ಮೋಟರಿನ ಹಿಂಬದಿಯಲ್ಲಿ. ದುಬಾರಿ ಯಂತ್ರವಾದರೆ ಗಾಜಿನ ಅಳತೆಪಟ್ಟಿಯ ಮೇಲೆ. ಲೋಹವನ್ನು ಕತ್ತರಿಸುವ ಅಂಚು ಈ ಮಂಡಲದ ಹೊರಗಿದೆ. ಅಲ್ಲಿ ಏನಾಗುತ್ತಿದೆ ಎಂಬುದು ನಿಯಂತ್ರಕಕ್ಕೆ ತಿಳಿಯುವುದೇ ಇಲ್ಲ. ಅಂಚು 50 ಮೈಕ್ರಾನ್ ಪಕ್ಕಕ್ಕೆ ಸರಿದಿದ್ದರೂ ಪರದೆಯ ಮೇಲಿನ ಅಂಕಿ ಮೂರನೆಯ ದಶಮಾಂಶದವರೆಗೂ ಸರಿಯಾಗಿಯೇ ಕಾಣುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪಿಯುಸಿ ಅಥವಾ ಬಿಎಸ್ಸಿಯಲ್ಲಿ ಭೌತವಿಜ್ಞಾನ ಓದಿದವರಿಗೆ ಚಾಚುತೊಲೆಯ ಪ್ರಯೋಗ ನೆನಪಿರಬಹುದು. ಮರದ ಮೀಟರ್ ಪಟ್ಟಿಯ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಗೆ ತೂಕ ತೂಗುಹಾಕಿ, ಚಲಿಸುವ ಸೂಕ್ಷ್ಮದರ್ಶಕದಲ್ಲಿ ತುದಿ ಎಷ್ಟು ಕುಸಿಯಿತು ಎಂದು ನೋಡುವುದು. ಕುಸಿತವು ಬಲಕ್ಕೂ ಉದ್ದದ ಘನಕ್ಕೂ ಅನುಪಾತದಲ್ಲಿರುತ್ತದೆ. ಯಂಗ್ ಗುಣಾಂಕಕ್ಕೂ ಅಡ್ಡಕೊಯ್ತದ ಜಡತ್ವ ಮಹತ್ತ್ವಕ್ಕೂ ವಿಲೋಮವಾಗಿರುತ್ತದೆ. ಮುಂದೆ 3 ಎಂಬ ಭಾಜಕ. ದುಂಡು ಸರಳಾದರೆ ಆ ಜಡತ್ವ ಮಹತ್ತ್ವ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. ದಾಖಲೆ ಪುಸ್ತಕದಲ್ಲಿ ಮರದ ಯಂಗ್ ಗುಣಾಂಕ ಬರೆದು ಸಹಿ ಹಾಕಿಸಿಕೊಳ್ಳುವುದರೊಂದಿಗೆ ಪ್ರಯೋಗ ಮುಗಿಯುತ್ತದೆ. ಇದೇ ಸೂತ್ರ ಪೀಣ್ಯದ ಪ್ರತಿಯೊಂದು ಮಿಲ್ಲಿಂಗ್ ಯಂತ್ರದಲ್ಲಿ ದಿನವಿಡೀ ಕೆಲಸ ಮಾಡುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಪಾಲಿಟೆಕ್ನಿಕ್‌ನಲ್ಲಿ ತೊಲೆಯ ಪಾಠ ಒಂದು ವಿಷಯದಲ್ಲಿ, ಮಿಲ್ಲಿಂಗ್ ಪಾಠ ಇನ್ನೊಂದರಲ್ಲಿ. ಎರಡಕ್ಕೂ ಭೇಟಿಯಿಲ್ಲ.

10 ಮಿ.ಮೀ. ವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಕಟರ್ ಹೋಲ್ಡರಿನಿಂದ 40 ಮಿ.ಮೀ. ಹೊರಚಾಚಿದೆ ಎಂದಿಟ್ಟುಕೊಳ್ಳಿ. ಪಕ್ಕಕ್ಕೆ ತಳ್ಳುವ ಬಲ 300 ನ್ಯೂಟನ್ ಇರಲಿ. ಉಕ್ಕಿನಲ್ಲಿ ಅರೆ ಅಂತಿಮ ಕತ್ತರಿಕೆಗೆ ಇದೇನೂ ಅತಿಯಲ್ಲ. ಕಾರ್ಬೈಡಿನ ಯಂಗ್ ಗುಣಾಂಕ ಸುಮಾರು 600 ಗಿಗಾಪ್ಯಾಸ್ಕಲ್. ಕಟರನ್ನು ಘನ ಸರಳೆಂದು ಭಾವಿಸಿದರೆ ತುದಿಯ ಬಾಗು 22 ಮೈಕ್ರಾನ್. ಆದರೆ ಎಂಡ್‌ಮಿಲ್ ಘನ ಸರಳಲ್ಲ, ಚೂರು ಹೊರಹೋಗಲು ಅದರ ಮೈಯಲ್ಲಿ ಸುರುಳಿ ಗಾಡಿಗಳನ್ನು ಕೊರೆದಿರುತ್ತಾರೆ. ಕಾಪ್ಸ್ ಮತ್ತು ವೋ ಎಂಬ ಸಂಶೋಧಕರು 1990ರಲ್ಲಿ ತೋರಿಸಿದಂತೆ ಬಾಗಿನ ದೃಷ್ಟಿಯಿಂದ ಇಂಥ ಕಟರಿನ ಸಮಾನ ವ್ಯಾಸ ಅದರ ಹೆಸರಿನ ವ್ಯಾಸದ ಸುಮಾರು ಶೇಕಡ 80 ಮಾತ್ರ. 0.8ರ ನಾಲ್ಕನೆಯ ಘಾತ 0.41. ಅಂದರೆ ದೃಢತೆ ಅರ್ಧಕ್ಕಿಂತ ಕೆಳಗೆ ಇಳಿಯಿತು, ಬಾಗು 53 ಮೈಕ್ರಾನ್‌ಗೆ ಏರಿತು. ಕಾರ್ಬೈಡ್ ಬದಲು ಹೈಸ್ಪೀಡ್ ಸ್ಟೀಲ್ ಕಟರ್ ಹಾಕಿದರೆ ಯಂಗ್ ಗುಣಾಂಕ ಸುಮಾರು 210 ಗಿಗಾಪ್ಯಾಸ್ಕಲ್. ಬಾಗು 150 ಮೈಕ್ರಾನ್ ದಾಟುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಹೆಚ್ಚು!

ಘನ ಮತ್ತು ನಾಲ್ಕನೆಯ ಘಾತಗಳ ಮಹಿಮೆಯನ್ನು ಇಲ್ಲಿ ಗಮನಿಸಬೇಕು. ಹೊರಚಾಚನ್ನು 40ರಿಂದ 50 ಮಿ.ಮೀ.ಗೆ ಹೆಚ್ಚಿಸಿದರೆ ಬಾಗು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವ್ಯಾಸವನ್ನು 10ರಿಂದ 12ಕ್ಕೆ ಏರಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಕೆಲಸಗಾರನು ಹೋಲ್ಡರಿಗೆ ಕಟರನ್ನು ಎಷ್ಟು ಒಳಕ್ಕೆ ತಳ್ಳಿದ ಎಂಬ, ಯಾರೂ ದಾಖಲಿಸದ ಸಂಗತಿ, ಹತ್ತಾರು ಲಕ್ಷ ರೂಪಾಯಿಯ ಯಂತ್ರದ ನಿಖರತೆಯನ್ನು ನಿರ್ಧರಿಸುತ್ತದೆ. ಸೆಟಪ್ ಹಾಳೆಯಲ್ಲಿ ಕಟರಿನ ಸಂಖ್ಯೆ, ವೇಗ, ಫೀಡ್ ಎಲ್ಲ ಬರೆದಿರುತ್ತದೆ. ಹೊರಚಾಚಿನ ಕಲಂ ಎಷ್ಟು ಕಡೆ ಇದೆ ಎಂದು ನೀವೇ ನೋಡಿ.

ಇಷ್ಟರವರೆಗೆ ವಿವಾದವಿಲ್ಲ. ವಿವಾದ ಇರುವುದು ಪರಿಹಾರದಲ್ಲಿ. ಸಾಮಾನ್ಯವಾಗಿ ಕೊಡುವ ಸಲಹೆ ಹೀಗಿದೆ: ಗೋಡೆಯನ್ನು ಅಳೆಯಿರಿ, ಎಷ್ಟು ಹೆಚ್ಚು ಉಳಿದಿದೆಯೋ ಅಷ್ಟನ್ನು ಕಟರಿನ ತ್ರಿಜ್ಯದ ತಿದ್ದುಪಡಿಯಲ್ಲಿ ಸೇರಿಸಿ, ಮತ್ತೆ ಓಡಿಸಿ. ಜಿ41, ಜಿ42 ಎಂಬ ಆದೇಶಗಳಿಗೆ ಕಟರ್ ಕಾಂಪೆನ್ಸೇಶನ್ ಎಂದು ಹೆಸರಿರುವುದರಿಂದ ಬಾಗಿನ ಸಮಸ್ಯೆಯೂ ಅದರಲ್ಲೇ ಬಗೆಹರಿಯಿತೆಂದು ಎಷ್ಟೋ ಜನ ನಂಬಿದ್ದಾರೆ. ಆ ಆದೇಶ ಮಾಡುವುದು ಕಟರಿನ ಕೇಂದ್ರವನ್ನು ತ್ರಿಜ್ಯದಷ್ಟು ಪಕ್ಕಕ್ಕೆ ಸರಿಸುವ ಶುದ್ಧ ಜ್ಯಾಮಿತಿಯ ಕೆಲಸ. ಅದರ ಕಣ್ಣಿಗೆ ಕಟರ್ ಬಾಗದ ಕಂಬ.

ಒಂದೇ ಅಂಕಿಯ ತಿದ್ದುಪಡಿ ಏಕೆ ಸಾಲದು? ಗೋಡೆ ರೂಪುಗೊಳ್ಳುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಟರಿನ ಹಲ್ಲು ಸುರುಳಿಯಾಗಿರುವುದರಿಂದ ಅದು ಗೋಡೆಯ ಪೂರ್ಣ ಎತ್ತರವನ್ನು ಒಂದೇ ಕ್ಷಣದಲ್ಲಿ ಮುಟ್ಟುವುದಿಲ್ಲ. ಕಟರ್ ತಿರುಗಿದಂತೆ ಸ್ಪರ್ಶಬಿಂದು ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ. ಗೋಡೆಯ ಮೇಲೆ ಅಚ್ಚಾಗುವುದು ಆಯಾ ಎತ್ತರವನ್ನು ಹಲ್ಲು ಮುಟ್ಟಿದ ಕ್ಷಣದಲ್ಲಿದ್ದ ಬಾಗು ಮಾತ್ರ. ಉಳಿದ ಕ್ಷಣಗಳಲ್ಲಿ ಕಟರ್ ಎಷ್ಟು ಬಾಗಿದ್ದರೂ ಅಂತಿಮ ಮೇಲ್ಮೈಗೆ ಅದರಿಂದ ಬಾಧಕವಿಲ್ಲ. ಕ್ಲೈನ್, ಡಿವೋರ್ ಮತ್ತು ಶರೀಫ್ 1982ರಲ್ಲಿ ಎಂಡ್ ಮಿಲ್ಲಿಂಗ್‌ನ ಮೇಲ್ಮೈ ನಿಖರತೆಯ ಬಗ್ಗೆ ಪ್ರಕಟಿಸಿದ ಪ್ರಬಂಧದ ಹಿರಿಮೆ ಇರುವುದು ಇಲ್ಲಿ. ಗರಿಷ್ಠ ಬಾಗು ಎಷ್ಟು ಎಂದು ಕೇಳಿ ಅವರು ಸುಮ್ಮನಾಗಲಿಲ್ಲ. ಯಾವ ಕ್ಷಣದ ಬಾಗು ಯಾವ ಎತ್ತರದಲ್ಲಿ ಅಚ್ಚಾಗುತ್ತದೆ ಎಂದು ಕೇಳಿದರು. ನಲವತ್ತು ವರ್ಷ ಕಳೆದರೂ ನಮ್ಮ ಅನೇಕ ತರಗತಿಗಳು ಮೊದಲ ಪ್ರಶ್ನೆಯಲ್ಲೇ ನಿಂತಿವೆ.

ನಮ್ಮ ಉದಾಹರಣೆಯನ್ನೇ ಮುಂದುವರಿಸೋಣ. ನಾಲ್ಕು ಹಲ್ಲಿನ, 30 ಡಿಗ್ರಿ ಸುರುಳಿ ಕೋನದ 10 ಮಿ.ಮೀ. ಕಟರಿನಲ್ಲಿ ಅಕ್ಷದುದ್ದಕ್ಕೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ಅಂತರ 13.6 ಮಿ.ಮೀ. ಕತ್ತರಿಸುವ ಆಳವನ್ನೂ ಅಷ್ಟೇ ಇಟ್ಟರೆ ಒಂದು ಹಲ್ಲು ಮೇಲ್ತುದಿಯಲ್ಲಿ ಹೊರಹೋಗುವಾಗ ಇನ್ನೊಂದು ತಳದಲ್ಲಿ ಒಳಬರುತ್ತದೆ. ಒಟ್ಟು ಬಲ ತಿರುಗುವಿಕೆಯೊಂದಿಗೆ ಏರಿಳಿಯದೆ ಒಂದೇ ಸಮ ಇರುತ್ತದೆ. ಕಾರ್ಯಾಗಾರದಲ್ಲಿ ಬಳಸಬಹುದಾದ ಸೊಗಸಾದ ಉಪಾಯವಿದು, ಆದರೆ ಬಳಸುವವರು ಕಡಿಮೆ. ಹೀಗೆ ಬಲ ಸ್ಥಿರವಾಗಿದ್ದರೂ ಬಲ ಬೀಳುವ ಜಾಗ ಮೇಲೇರುತ್ತಿರುತ್ತದೆ. ತುದಿಯಲ್ಲಿ ಬಿದ್ದಾಗ ತೊಲೆಯ ಉದ್ದ 40 ಮಿ.ಮೀ.; ಗೋಡೆಯ ಮೇಲಂಚಿನಲ್ಲಿ ಬಿದ್ದಾಗ ಉಳಿದ ಉದ್ದ 26.4 ಮಿ.ಮೀ. ಮಾತ್ರ. ಘನದ ನಿಯಮ ಹಚ್ಚಿ: ತಳದಲ್ಲಿ 53 ಮೈಕ್ರಾನ್ ಇದ್ದ ಬಾಗು ಮೇಲಂಚಿನಲ್ಲಿ 15 ಮೈಕ್ರಾನ್. ಗೋಡೆ ನೇರವಾಗಿ ನಿಂತಿಲ್ಲ, ಓರೆಯಾಗಿದೆ.

ಈಗ ಸರಾಸರಿ ದೋಷವಾದ 32 ಮೈಕ್ರಾನ್‌ಗಳನ್ನು ತಿದ್ದುಪಡಿಯಲ್ಲಿ ಹಾಕಿದೆವು ಎನ್ನೋಣ. ತಳದಲ್ಲಿ 21 ಮೈಕ್ರಾನ್ ಇನ್ನೂ ಹೆಚ್ಚು ಉಳಿಯುತ್ತದೆ. ಮೇಲೆ 17 ಮೈಕ್ರಾನ್ ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿಹೋಗುತ್ತದೆ. ಮೊದಲೂ 38 ಮೈಕ್ರಾನ್ ಓರೆ, ಈಗಲೂ 38 ಮೈಕ್ರಾನ್ ಓರೆ. ತಿದ್ದುಪಡಿ ದೋಷವನ್ನು ಸ್ಥಳಾಂತರಿಸಿತೇ ಹೊರತು ಕಡಿಮೆ ಮಾಡಲಿಲ್ಲ. ಹೆಚ್ಚು ಉಳಿದ ಲೋಹವನ್ನು ಮತ್ತೊಮ್ಮೆ ತೆಗೆಯಬಹುದು, ಹೆಚ್ಚು ಹೋದದ್ದನ್ನು ಮತ್ತೆ ಅಂಟಿಸಲಾಗದು. ಮೈಕ್ರೋಮೀಟರಿನಲ್ಲಿ ಗೋಡೆಯ ನಡುಮಧ್ಯದಲ್ಲಿ ಮಾತ್ರ ಅಳೆದು ಸರಿಯಿದೆ ಎಂದು ಬರೆಯುವ ಪರೀಕ್ಷಾ ವಿಭಾಗಕ್ಕೆ ಇದು ಕಾಣುವುದೂ ಇಲ್ಲ. ಜೋಡಣೆಯ ದಿನ ಭಾಗ ಕೂರದೆ ಹೋದಾಗಷ್ಟೇ ಗೊತ್ತಾಗುತ್ತದೆ, ಅಷ್ಟರಲ್ಲಿ ಇಡೀ ಬ್ಯಾಚು ಕತ್ತರಿಸಿ ಆಗಿರುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಾಗುವುದು ಕಟರ್ ಒಂದೇ ಅಲ್ಲ. ಕಾಲೆಟ್, ಹೋಲ್ಡರ್, ಸ್ಪಿಂಡಲ್ ಬೇರಿಂಗ್ ಎಲ್ಲವೂ ಸ್ವಲ್ಪ ಸ್ವಲ್ಪ ಮಣಿಯುತ್ತವೆ. ಅವುಗಳ ಒಟ್ಟು ದೃಢತೆ ಮೈಕ್ರಾನ್‌ಗೆ 20 ನ್ಯೂಟನ್ ಇದ್ದರೆ 300 ನ್ಯೂಟನ್ ಬಲಕ್ಕೆ ಇನ್ನೂ 15 ಮೈಕ್ರಾನ್ ಸೇರುತ್ತದೆ. ಈ ಪಾಲು ಗೋಡೆಯ ಎತ್ತರದೊಂದಿಗೆ ಅಷ್ಟಾಗಿ ಬದಲಾಗುವುದಿಲ್ಲವಾದ್ದರಿಂದ ಒಂದೇ ಅಂಕಿಯ ತಿದ್ದುಪಡಿ ಇದನ್ನು ಚೆನ್ನಾಗಿಯೇ ಹೋಗಲಾಡಿಸುತ್ತದೆ. ಚಿಕ್ಕ ಹೊರಚಾಚಿನ ದಪ್ಪ ಕಟರಿನಲ್ಲಿ ಈ ವಿಧಾನ ಫಲ ಕೊಡುವುದಕ್ಕೂ, ಉದ್ದ ತೆಳು ಕಟರಿನಲ್ಲಿ ಕೈಕೊಡುವುದಕ್ಕೂ ಕಾರಣ ಇದೇ. ಎರಡು ಪಕ್ಷದವರೂ ತಮ್ಮ ತಮ್ಮ ಅನುಭವವನ್ನೇ ಹೇಳುತ್ತಿರುತ್ತಾರೆ.

ದಿಕ್ಕಿನ ಪ್ರಶ್ನೆಯೂ ಇದೆ. ಡೌನ್ ಮಿಲ್ಲಿಂಗ್‌ನಲ್ಲಿ ಬಲ ಕಟರನ್ನು ಗೋಡೆಯಿಂದ ದೂರ ತಳ್ಳುವುದು ವಾಡಿಕೆ. ಲೋಹ ಹೆಚ್ಚು ಉಳಿಯುತ್ತದೆ. ಅಪ್ ಮಿಲ್ಲಿಂಗ್‌ನಲ್ಲಿ ಕಟರ್ ಗೋಡೆಯೊಳಕ್ಕೆ ಸೆಳೆಯಲ್ಪಟ್ಟು ಹೆಚ್ಚು ಕತ್ತರಿಸುವುದುಂಟು. ಹಾಗಾಗಿ ಒಂದು ದಿಕ್ಕಿಗೆ ಕಂಡುಕೊಂಡ ತಿದ್ದುಪಡಿಯನ್ನು ಇನ್ನೊಂದು ದಿಕ್ಕಿಗೆ ಹಾಕಿದರೆ ದೋಷ ಇಮ್ಮಡಿಸಬಹುದು. ಈ ಗುಣವನ್ನು ರೋಗಪತ್ತೆಗೂ ಬಳಸಬಹುದು. ದೋಷಕ್ಕೆ ಬಾಗು ಕಾರಣವೋ ಅಥವಾ ಯಂತ್ರ ಬಿಸಿಯಾದದ್ದು ಕಾರಣವೋ ಎಂಬ ಅನುಮಾನ ಬಂದರೆ, ಒಂದು ಗೋಡೆಯನ್ನು ಡೌನ್, ಇನ್ನೊಂದನ್ನು ಅಪ್ ದಿಕ್ಕಿನಲ್ಲಿ ಕತ್ತರಿಸಿ. ಆಮೇಲೆ ಹೊರಚಾಚನ್ನು ಬದಲಿಸಿ ಮತ್ತೆ ಕತ್ತರಿಸಿ. ಬಾಗಾದರೆ ದೋಷದ ಚಿಹ್ನೆ ಬದಲಾಗುತ್ತದೆ, ಪ್ರಮಾಣ ಉದ್ದದ ಘನವನ್ನು ಹೆಚ್ಚುಕಡಿಮೆ ಹಿಂಬಾಲಿಸುತ್ತದೆ. ಉಷ್ಣದ ದೋಷ ಇದಾವುದಕ್ಕೂ ಸೊಪ್ಪು ಹಾಕದೆ ಗಡಿಯಾರವನ್ನು ಹಿಂಬಾಲಿಸುತ್ತದೆ. ಅದೇನೂ ಚಿಕ್ಕದಲ್ಲ: 500 ಮಿ.ಮೀ. ಉದ್ದದ ಉಕ್ಕಿನ ಬಾಲ್‌ಸ್ಕ್ರೂ 5 ಡಿಗ್ರಿ ಬಿಸಿಯಾದರೆ ಸುಮಾರು 29 ಮೈಕ್ರಾನ್ ಹಿಗ್ಗುತ್ತದೆ. ದೋಷ ಇಷ್ಟು ಶೇಕಡ ಇಳಿಯಿತೆಂದು ಹೇಳುವ ಪ್ರಬಂಧಗಳಲ್ಲಿ ಉಷ್ಣದ ಪಾಲೆಷ್ಟು, ಬಾಗಿನ ಪಾಲೆಷ್ಟು ಎಂದು ಬಿಡಿಸಿ ತೋರಿಸದವು ಸಾಕಷ್ಟಿವೆ. ಅಂಥ ಶೇಕಡಾವಾರುಗಳನ್ನು ನಾನು ಉಪ್ಪು ಹಚ್ಚಿಯೇ ಓದುತ್ತೇನೆ.

ಫೀಡ್ ಕಡಿಮೆ ಮಾಡಿ ಎಂಬುದು ಇನ್ನೊಂದು ಜನಪ್ರಿಯ ಸಲಹೆ. ಕತ್ತರಿಸುವ ಬಲದಲ್ಲಿ ಎರಡು ಪಾಲುಗಳಿವೆ. ಒಂದು, ಚೂರನ್ನು ಸೀಳಿ ತೆಗೆಯುವ ಬಲ; ಇದು ಚೂರಿನ ದಪ್ಪಕ್ಕೆ ಅನುಗುಣ. ಇನ್ನೊಂದು, ಅಂಚು ಲೋಹಕ್ಕೆ ಉಜ್ಜುವ ಬಲ; ಇದಕ್ಕೆ ಚೂರಿನ ದಪ್ಪದೊಡನೆ ಸಂಬಂಧವಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಯೂಸುಫ್ ಆಲ್ತಿಂತಾಸ್ ಅವರ, 2000ದಲ್ಲಿ ಮೊದಲು ಪ್ರಕಟವಾದ ಪಠ್ಯಪುಸ್ತಕದಲ್ಲಿ ಈ ವಿಭಜನೆಯ ವಿವರವಾದ ನಿರೂಪಣೆಯಿದೆ. ಒಂದು ಮಿ.ಮೀ. ಅಂಚಿಗೆ ಸೀಳುವ ಪಾಲು 40 ನ್ಯೂಟನ್, ಉಜ್ಜುವ ಪಾಲು 20 ನ್ಯೂಟನ್ ಎಂದಿಟ್ಟುಕೊಂಡರೆ, ಫೀಡನ್ನು ಅರ್ಧ ಮಾಡಿದಾಗ ಬಲ 60ರಿಂದ 40ಕ್ಕೆ ಇಳಿಯುತ್ತದೆಯೇ ವಿನಾ 30ಕ್ಕಲ್ಲ. ಸಮಯ ಮಾತ್ರ ಪೂರ್ತಿ ಇಮ್ಮಡಿ. ಕಟರ್ ಸವೆದಂತೆ ಉಜ್ಜುವ ಪಾಲು ಬೆಳೆಯುವುದರಿಂದ ಬೆಳಿಗ್ಗೆ ಹೊಸ ಕಟರಿನಲ್ಲಿ ಕಂಡುಕೊಂಡ ತಿದ್ದುಪಡಿ ಸಂಜೆಗೆ ಹೊಂದುವುದಿಲ್ಲ.

ಹಾಗಾದರೆ ತಿದ್ದುಪಡಿಯ ಬದಲು ಅದೇ ದಾರಿಯಲ್ಲಿ ಮತ್ತೊಮ್ಮೆ ಸುಮ್ಮನೆ ಓಡಿಸುವ ಹಳೆಯ ಪದ್ಧತಿ ಹೇಗೆ? ಕಾರ್ಯಾಗಾರದಲ್ಲಿ ಇದನ್ನು ಸ್ಪ್ರಿಂಗ್ ಪಾಸ್ ಎನ್ನುತ್ತಾರೆ. ಪುಸ್ತಕದ ಪಂಡಿತರು ಇದನ್ನು ಕಾಲಹರಣವೆಂದು ಕಡೆಗಣಿಸುವುದುಂಟು. ನನ್ನ ಲೆಕ್ಕ ಬೇರೆ ಹೇಳುತ್ತದೆ. ತೆಗೆಯಬೇಕಾದ ಪದರ 0.5 ಮಿ.ಮೀ., ಬಾಗಿನಿಂದ ಉಳಿದದ್ದು 0.05 ಮಿ.ಮೀ., ಅಂದರೆ ಹತ್ತನೇ ಒಂದು ಪಾಲು. ಬಲವು ತೆಗೆಯುವ ಪದರಕ್ಕೆ ಅನುಪಾತದಲ್ಲಿದೆ ಎಂದು ಒರಟಾಗಿ ಭಾವಿಸಿದರೆ, ಎರಡನೆಯ ಓಟದಲ್ಲಿ ಉಳಿದದ್ದರ ಹತ್ತನೇ ಒಂದು ಪಾಲು, ಅಂದರೆ 5 ಮೈಕ್ರಾನ್ ಉಳಿಯುತ್ತದೆ. ತಿದ್ದುಪಡಿಯಲ್ಲಿ 0.05 ಸೇರಿಸಿ ಹೊಸ ಭಾಗವನ್ನು ಕತ್ತರಿಸಿದರೆ ಎಷ್ಟು ಉಳಿಯುತ್ತದೆ? ಈಗ ಆದೇಶಿತ ಪದರ 0.55, ಅದರ ಹತ್ತನೇ ಒಂಬತ್ತು ಪಾಲು 0.495, ಉಳಿದದ್ದು ಅದೇ 5 ಮೈಕ್ರಾನ್. ಪದರ ದಪ್ಪವಾದಂತೆ ಬಾಗೂ ಹೆಚ್ಚುವ ಈ ಹಿಮ್ಮಾಹಿತಿಯನ್ನು ಸದರ್ಲೆಂಡ್ ಮತ್ತು ಡಿವೋರ್ 1986ರಲ್ಲಿ ಸಮರ್ಪಕವಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಎರಡೂ ವಿಧಾನಗಳ ಫಲ ಒಂದೇ, ಆದರೆ ಸ್ಪ್ರಿಂಗ್ ಪಾಸ್ ಓರೆಯನ್ನೂ ಕುಗ್ಗಿಸುತ್ತದೆ, ಎಲ್ಲಿಯೂ ಮಿತಿಮೀರಿ ಕತ್ತರಿಸುವ ಭಯವಿಲ್ಲ (ಡೌನ್ ಮಿಲ್ಲಿಂಗ್ ಆದರೆ ಮಾತ್ರ). ಬೆಲೆ ತೆರುವುದು ಸಮಯದಲ್ಲಿ. ಮೂರನೆಯ ಓಟಕ್ಕೆ ಹೋದರೆ ಲಾಭವಿಲ್ಲ: ಉಳಿದ ಪದರ ಅಂಚಿನ ಮೊಂಡುತನದ ತ್ರಿಜ್ಯಕ್ಕಿಂತ ತೆಳುವಾದಾಗ ಹಲ್ಲು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ.

ಒಂದೆರಡು ಭಾಗಗಳನ್ನಷ್ಟೇ ತಯಾರಿಸುವ ಸಣ್ಣ ಘಟಕಕ್ಕೆ ಸ್ಪ್ರಿಂಗ್ ಪಾಸ್ ಸರಿ, ಸಾವಿರಗಟ್ಟಲೆ ತಯಾರಿಸುವವರಿಗೆ ಮಾದರಿ ಆಧರಿತ ತಿದ್ದುಪಡಿ ಸರಿ ಎಂಬುದು ನನ್ನ ಅಭಿಪ್ರಾಯ. ಎರಡನೆಯದಕ್ಕೆ ಬಲದ ಗುಣಾಂಕಗಳು ಬೇಕು, ಗುಣಾಂಕಗಳಿಗೆ ಬಲಮಾಪಕ ಮೇಜು ಬೇಕು. ಅದರ ಬೆಲೆಗೆ ಸಣ್ಣ ಘಟಕದ ಒಡೆಯ ಇನ್ನೊಂದು ಯಂತ್ರವನ್ನೇ ಕೊಳ್ಳಬಯಸುತ್ತಾನೆ. ಬೆಂಗಳೂರಿನಲ್ಲಿ 1962ರಿಂದ ಕೇಂದ್ರ ಯಂತ್ರೋಪಕರಣ ಸಂಸ್ಥೆಯಿದೆ, ಇಂದು ಅದರ ಹೆಸರಿನಲ್ಲಿ ಉತ್ಪಾದನಾ ತಂತ್ರಜ್ಞಾನ ಎಂಬ ಮಾತು ಸೇರಿದೆ. ಅದು ಸಿದ್ಧಪಡಿಸಿ 1982ರಲ್ಲಿ ಹೊರಬಂದ ಯಂತ್ರೋಪಕರಣ ವಿನ್ಯಾಸ ಕೈಪಿಡಿ ವಿನ್ಯಾಸಕಾರರ ಮೇಜಿನ ಮೇಲೆ ಇಂದಿಗೂ ಕಾಣಸಿಗುತ್ತದೆ. ಯಂತ್ರ ಕಟ್ಟುವವನಿಗೆ ಅದು ಮಾಡಿದ ಉಪಕಾರವನ್ನು ಯಂತ್ರ ನಡೆಸುವವನಿಗೂ ಯಾರಾದರೂ ಮಾಡಬೇಕು: ನಮ್ಮಲ್ಲಿ ಹೆಚ್ಚಾಗಿ ಬಳಸುವ ಉಕ್ಕು, ಅಲ್ಯುಮಿನಿಯಂಗಳ ಬಲ ಗುಣಾಂಕಗಳು, ಸಾಮಾನ್ಯ ಕಟರ್ ಮತ್ತು ಹೋಲ್ಡರುಗಳ ದೃಢತೆ, ಕನ್ನಡದಲ್ಲಿ, ನಾಲ್ಕು ಪುಟದ ಕೋಷ್ಟಕವಾಗಿ.

ಇತ್ತೀಚೆಗೆ ಸ್ಪಿಂಡಲ್ ಮೋಟರಿನ ವಿದ್ಯುತ್ ಪ್ರವಾಹವನ್ನು ಗಣಕಕ್ಕೆ ಉಣಿಸಿ, ಯಂತ್ರಕಲಿಕೆಯಿಂದ ದೋಷವನ್ನು ಮುಂಗಾಣುವ ಪ್ರಬಂಧಗಳು ಹೆಚ್ಚುತ್ತಿವೆ. ಕುತೂಹಲಕಾರಿ ಕೆಲಸ, ಅನುಮಾನವಿಲ್ಲ. ಆದರೆ 40 ಮಿ.ಮೀ. ಹೊರಚಾಚಿನಲ್ಲಿ ಮಾತ್ರ ಕಲಿತ ಮಾದರಿಗೆ 50 ಮಿ.ಮೀ.ನಲ್ಲಿ ಏನಾಗುತ್ತದೆಂದು ತಿಳಿಯುವ ದಾರಿಯಿಲ್ಲ. ಉದ್ದದ ಘನದ ನಿಯಮವನ್ನು ಅದಕ್ಕೆ ನಾವೇ ಹೇಳಿಕೊಡಬಹುದಾಗಿರುವಾಗ, ಸಾವಿರ ಪ್ರಯೋಗಗಳಿಂದ ಅದನ್ನೇ ಮರಳಿ ಕಂಡುಹಿಡಿಯಲು ಬಿಡುವುದು ದುಂದುಗಾರಿಕೆ. ಒಳಮೂಲೆಗಳ ಸಮಸ್ಯೆಗೂ ಇದೇ ಮಾತು ಅನ್ವಯಿಸುತ್ತದೆ. ಕಟರ್ ಮೂಲೆಗೆ ಹೊಕ್ಕಾಗ ಲೋಹದೊಡನೆ ಸ್ಪರ್ಶಕೋನ ಒಮ್ಮೆಲೇ ಹೆಚ್ಚಿ ಬಲ ಜಿಗಿಯುತ್ತದೆ. ಮೂಲೆಯ ತ್ರಿಜ್ಯಕ್ಕಿಂತ ಚಿಕ್ಕ ಕಟರ್ ಆರಿಸಿ ಸ್ಪರ್ಶಕೋನ ಹೆಚ್ಚದಂತೆ ದಾರಿ ಹಾಕಿದರೆ ಮುಂಗಾಣಬೇಕಾದದ್ದೇ ಅರ್ಧ ಕಡಿಮೆಯಾಗುತ್ತದೆ. ಈಗಿನ ಕ್ಯಾಮ್ ತಂತ್ರಾಂಶಗಳಲ್ಲಿ ಇಂಥ ದಾರಿಗಳು ಸಿದ್ಧವಾಗಿ ದೊರೆಯುತ್ತವೆ. ಅದೇ ತಂತ್ರಾಂಶಗಳ ಪರದೆಯ ಮೇಲೆ ಓಡುವ ಸುಂದರ ಅನುಕರಣೆಗಳಲ್ಲಿ ಬಹುಪಾಲು ಮಾತ್ರ ಇನ್ನೂ ಬಾಗದ ಕಟರಿನವು.

ಕಡೆಯದಾಗಿ ತೆಳುಗೋಡೆಗಳು. ವಿಮಾನದ ಬಿಡಿಭಾಗಗಳಲ್ಲಿ ಅಲ್ಯುಮಿನಿಯಂನ ದಪ್ಪ ಗಟ್ಟಿಯನ್ನು ಕೊರೆದು ಒಂದೆರಡು ಮಿ.ಮೀ. ದಪ್ಪದ ಗೋಡೆಗಳನ್ನು ಉಳಿಸುತ್ತಾರೆ. ಬೆಂಗಳೂರಿನ ಸುತ್ತಮುತ್ತ ಈ ಕೆಲಸ ಮಾಡುವ ಘಟಕಗಳು ಹಲವು. ಇಲ್ಲಿ ಕಟರಿಗಿಂತ ಗೋಡೆಯೇ ಹೆಚ್ಚು ಬಾಗುತ್ತದೆ. ಚಪ್ಪಟೆ ತೊಲೆಯ ದೃಢತೆ ದಪ್ಪದ ಘನಕ್ಕೆ ಅನುಗುಣವಾದ್ದರಿಂದ, 2 ಮಿ.ಮೀ. ಗೋಡೆ 1 ಮಿ.ಮೀ.ಗೆ ಇಳಿಯುವಷ್ಟರಲ್ಲಿ ಅದರ ದೃಢತೆ ಎಂಟನೇ ಒಂದಕ್ಕೆ ಇಳಿದಿರುತ್ತದೆ. ಕತ್ತರಿಸುತ್ತ ಹೋದಂತೆ ಸಮಸ್ಯೆಯೇ ಬದಲಾಗುತ್ತ ಹೋಗುತ್ತದೆ. ಬುಡಾಕ್ ಮತ್ತು ಆಲ್ತಿಂತಾಸ್ 1995ರಲ್ಲಿ ಫಲಕಗಳ ಮಿಲ್ಲಿಂಗ್ ಕುರಿತು ಪ್ರಕಟಿಸಿದ ಪ್ರಬಂಧ ಇದನ್ನೇ ಎತ್ತಿಕೊಂಡಿತು. ಅಂಥ ಕೆಲಸಕ್ಕೆ ಮೇಲೆ ಹೇಳಿದ ಕಟರಿನ ಕೋಷ್ಟಕ ಒಂದೇ ಸಾಲದು. ಗೋಡೆಯ ಎರಡು ಬದಿಗಳನ್ನು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ, ಕೆಳಗಿನ ಲೋಹ ದಪ್ಪವಾಗಿ ಆಸರೆ ಕೊಡುತ್ತಿರುವಾಗಲೇ ಅಂತಿಮ ಅಳತೆಗೆ ತರುವ ಕ್ರಮವನ್ನು ಅನುಭವಿ ಕೆಲಸಗಾರರು ಅನುಸರಿಸುತ್ತಾರೆ. ಪ್ರತಿ ಮೆಟ್ಟಿಲಿನ ಎತ್ತರ ಎಷ್ಟಿರಬೇಕು ಎಂಬುದನ್ನು ಗೋಡೆಯ ದಪ್ಪ ಮತ್ತು ಬಲದಿಂದ ಲೆಕ್ಕಹಾಕಬಹುದು, ಅದಕ್ಕೂ ಬೇಕಾಗುವುದು ಚಾಚುತೊಲೆಯ ಅದೇ ಸೂತ್ರ.